ಹೆಲ್ಮಿಗೆ ಕೇಳಿಸಿದ್ದು

ಇಂಥವನ್ನೆಲ್ಲ ನಾನು ನಂಬುವವಳಾಗಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ವಿಮಾ ಕಚೇರಿಯಲ್ಲಿ ನನ್ನ ನೌಕರಿಯ ಬಹುಪಾಲು ಕಳೆದದ್ದು ಮರಣ ಕ್ಲೇಮುಗಳ ವಿಭಾಗದಲ್ಲಿ. ಮೇಜಿನ ಆ ಬದಿಗೆ ಕೂತ ಹೆಂಗಸರು ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ತೆಗೆಯುತ್ತ, ನಿನ್ನೆ ಸಂಜೆ ಗಂಡನ ಸ್ಕೂಟರಿನ ಸದ್ದು ಕೇಳಿಸಿತೆಂದೋ, ಬಚ್ಚಲಿನಲ್ಲಿ ಅವರ ಶೇವಿಂಗ್ ಸೋಪಿನ ವಾಸನೆ ಬಂತೆಂದೋ ಹೇಳುತ್ತಿದ್ದರು. ನಾನು ನೀರಿನ ಲೋಟ ಅವರತ್ತ ಸರಿಸಿ, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದೆ. ಇದೇ ಮಾತು ಕೇಳಿ ಕೇಳಿ ನನಗೆ ಅದು ನೆಗಡಿ ಕೆಮ್ಮಿನಷ್ಟೇ ಸಾಮಾನ್ಯವಾಗಿಬಿಟ್ಟಿತ್ತು. ದುಃಖದ ಜೊತೆಗೆ ಬರುವ ಒಂದು ಕಾಯಿಲೆ, ಸ್ವಲ್ಪ ಕಾಲ ಕಳೆದರೆ ತಾನೇ ವಾಸಿಯಾಗುತ್ತದೆ ಎಂದುಕೊಂಡಿದ್ದೆ.

ನಮ್ಮನೆಯವರು ತೀರಿಕೊಂಡಾಗ ನನಗೆ ಆ ಕಾಯಿಲೆಯೂ ಬರಲಿಲ್ಲ. ಬರಲಿ ಎಂದು ಆಸೆಪಟ್ಟೆ ಎಂದರೆ ನೀವು ನಗಬಾರದು. ಈಗ ಹೇಳಹೊರಟಿರುವುದು ಆ ಆಸೆಯ ಕಥೆಯೇ.

ಹಲಸೂರಿನಲ್ಲಿ ಕೆರೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ನಾನು ಇಲ್ಲೇ ಹುಟ್ಟಿ ಬೆಳೆದವಳು, ತರಕಾರಿಯವನ ಹತ್ತಿರ ತಮಿಳಿನಲ್ಲೇ ಚೌಕಾಸಿ ಮಾಡುವವಳು. ನಮ್ಮನೆಯವರು ಮಾತ್ರ ಕೊಪ್ಪಳದ ಕಡೆಯವರು. ಕೆ.ಆರ್. ಪುರದ ಹತ್ತಿರ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ಇಡೀ ಆಯುಷ್ಯ ಬೆಂಗಳೂರಿನಲ್ಲಿ ಕಳೆದರೂ ತಮ್ಮ ಊರಿನ ಮಾತನ್ನು ಒಂದಿಷ್ಟೂ ಬಿಡಲಿಲ್ಲ. ಕಾರ್ಖಾನೆಯಲ್ಲಿ ಅವರದು ತಪಾಸಣೆಯ ಕೆಲಸ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಮಾಲು ವಾಪಸ್ ಕಳಿಸುತ್ತಿದ್ದರಂತೆ. ಅಂಥವರು ಮುಂದೆ ನಿಂತು ಕಟ್ಟಿಸಿದ ಮೇಲ್ಮನೆಯ ಮೆಟ್ಟಿಲುಗಳಲ್ಲಿ ಕೊನೆಯದು ಉಳಿದವಕ್ಕಿಂತ ಎತ್ತರ ಬಂತು. ಮೇಸ್ತ್ರಿ ಲೆಕ್ಕ ತಪ್ಪಿದ್ದ, ಇವರು ಅಂದು ಓವರ್‌ಟೈಮಿಗೆ ಹೋಗಿದ್ದರು. ಹೊಸಬರು ಯಾರೇ ಹತ್ತಲಿ, ಅಲ್ಲಿ ಎಡವುವುದು ಖಂಡಿತ.

ಒಡೆಸಿ ಸರಿಮಾಡಿಸುತ್ತೇನೆ ಎನ್ನುತ್ತಲೇ ಇದ್ದರು, ಮಾಡಿಸಲಿಲ್ಲ. ಬದಲಿಗೆ ಸಂಜೆಹೊತ್ತು ಮೆಟ್ಟಿಲಿನ ಕೆಳಗಿದ್ದ ಕಲ್ಲುಬೆಂಚಿನ ಮೇಲೆ ಕೂತು, ಹತ್ತುವವರಿಗೆಲ್ಲ ಹೇಳುತ್ತಿದ್ದರು: "ಹಗೂರ್ಕ ಹತ್ರೀ, ಕಡೀ ಪಾವಟಿಗಿ ಎತ್ತರ ಐತಿ." ಹಗೂರ್ಕ ಎಂದರೆ ಅವರ ಕಡೆ ಮೆಲ್ಲಗೆ, ಪಾವಟಿಗಿ ಎಂದರೆ ಮೆಟ್ಟಿಲು. ಸಿಲಿಂಡರ್ ಹೊರುವವನಿಗೂ ಅದೇ, ಕೇಬಲ್ಲಿನವನಿಗೂ ಅದೇ, ಒಣಗಿದ ಬಟ್ಟೆ ತರಲು ಹೋಗುವ ನನಗೂ ಅದೇ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ನನಗೆ ಈ ಮನೆಯ ಮೆಟ್ಟಿಲು ಪರಿಚಯ ಮಾಡಿಸಬೇಕೇ ಎಂದು ನಾನು ಅಣಕಿಸುತ್ತಿದ್ದೆ. ಅವರು ನಗುತ್ತಿದ್ದರು, ಮಾರನೆಯ ದಿನ ಮತ್ತೆ ಹೇಳುತ್ತಿದ್ದರು.

ಕೊನೆಯ ದಿನಗಳಲ್ಲಿ ಆಸ್ಪತ್ರೆಯವರು ಗಂಟಲಿಗೆ ಕೊಳವೆ ಹಾಕಿದ್ದರು. ಮಾತು ಮೊದಲು ನಿಂತಿತು, ಜೀವ ಆಮೇಲೆ ಹೋಯಿತು. ಅವರ ದನಿಯನ್ನು ಹಿಡಿದಿಟ್ಟ ವಸ್ತು ಮನೆಯಲ್ಲಿ ಒಂದೂ ಇಲ್ಲ. ಫೋನಿನಲ್ಲಿ ಹೂಂ, ಊಹೂಂ ಬಿಟ್ಟು ಮಾತನಾಡಿದವರಲ್ಲ. ಮಗಳ ಮದುವೆಯ ವಿಡಿಯೋದಲ್ಲಿ ಉದ್ದಕ್ಕೂ ಕೈಮುಗಿದು ನಿಂತಿದ್ದಾರೆ, ಅದರ ಮೇಲೆ ಬರೀ ವಾಲಗ. ಅವರು ಹೋದ ಎರಡನೆಯ ವರ್ಷ, ಒಂದು ಬೆಳಿಗ್ಗೆ ಒಗ್ಗರಣೆಗೆ ಎಣ್ಣೆಯಿಟ್ಟು ಏನೋ ಯೋಚಿಸುತ್ತಿದ್ದವಳು ಅವರ ದನಿಯನ್ನು ನೆನಪಿಸಿಕೊಳ್ಳಲು ಹೋದೆ. ಬರಲಿಲ್ಲ. ಅವರು ಆಡಿದ ಮಾತುಗಳೆಲ್ಲ ನೆನಪಿದ್ದವು, ಆದರೆ ಎಲ್ಲವೂ ನನ್ನದೇ ದನಿಯಲ್ಲಿ ಕೇಳಿಸುತ್ತಿದ್ದವು. ಒಲೆ ಆರಿಸಿ ಅಡುಗೆಮನೆಯ ನೆಲದ ಮೇಲೆ ಕೂತು ಅಂದು ಅತ್ತಷ್ಟು ನಾನು ಅವರು ಹೋದ ದಿನವೂ ಅತ್ತಿರಲಿಲ್ಲ. ಒಂದೇ ಒಂದು ಸಲ ಕೇಳಿಸಿದರೆ ಸಾಕು ಎನ್ನುವ ಹಂಬಲ ಶುರುವಾದದ್ದು ಆಗ.

ಅದಾದ ಕೆಲವು ತಿಂಗಳಿಗೆ ಹೆಲ್ಮಿ ಬಂದಳು. ಫಿನ್‌ಲೆಂಡಿನ ಶಾಲಾ ಶಿಕ್ಷಕಿ, ಪುಲಿಕೇಶಿನಗರದ ಒಂದು ಶಾಲೆಯಲ್ಲಿ ಒಂದು ವರ್ಷದ ಮಟ್ಟಿಗೆ ಗಣಿತ ಹೇಳಿಕೊಡಲು ಬಂದವಳು. ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಸೊಸೆ ಅಲ್ಲಿ ಟೀಚರ್, ಅವರ ಮಾತಿನ ಮೇಲೆ ಮೇಲ್ಮನೆಯನ್ನು ಬಾಡಿಗೆಗೆ ಕೊಟ್ಟೆ. ನಲವತ್ತು ದಾಟಿದ, ಎತ್ತರದ ನಿಲುವಿನ, ಮೆಲುಮಾತಿನ ಹೆಂಗಸು. ಸಾಮಾನು ಇಳಿಸುವ ಮೊದಲೇ ಬಾಗಿಲ ಹೊರಗೆ ಚಪ್ಪಲಿ ಬಿಟ್ಟಳು. ಅವರ ದೇಶದಲ್ಲೂ ಮನೆಯೊಳಗೆ ಪಾದರಕ್ಷೆ ಹಾಕುವುದಿಲ್ಲವಂತೆ. ಜೊತೆಗೆ ಕಾಫಿ ಎಂದರೆ ಪ್ರಾಣ. ನಮ್ಮಿಬ್ಬರ ಸ್ನೇಹಕ್ಕೆ ಇಷ್ಟು ಸಾಕಾಯಿತು.

ಅವಳು ಇಲ್ಲಿ ಕಂಡದ್ದನ್ನೆಲ್ಲ ನನ್ನ ಅಡುಗೆಮನೆಗೆ ತಂದು ಹೇಳುತ್ತಿದ್ದಳು. ತಾನು ತರಗತಿಗೆ ಹೋದ ಕೂಡಲೇ ಮಕ್ಕಳೆಲ್ಲ ಎದ್ದು ನಿಂತು ರಾಗವಾಗಿ ನಮಸ್ಕಾರ ಹೇಳಿದಾಗ, ತನ್ನ ಹಿಂದೆ ಯಾರೋ ದೊಡ್ಡವರು ಬಂದಿದ್ದಾರೆಂದು ತಿರುಗಿ ನೋಡಿದಳಂತೆ. ತಿಂಡಿ ಆಯ್ತಾ ಎಂದು ಕೇಳಿದವರಿಗೆಲ್ಲ ಮೊದಮೊದಲು ಏನು ತಿಂದೆ, ಎಷ್ಟು ತಿಂದೆ, ಹೊಟ್ಟೆ ತುಂಬಿತೋ ಇಲ್ಲವೋ ಎಂದು ವಿವರವಾಗಿ ಉತ್ತರ ಕೊಡುತ್ತಿದ್ದಳು. ಆಮೇಲೆ ತಾನೇ ಆಟೋದವರನ್ನೂ ಶಿವಾಜಿನಗರದ ಹೂವಿನವರನ್ನೂ ಕೇಳತೊಡಗಿದಳು. ಕನ್ನಡ, ತಮಿಳು, ಉರ್ದು ಮೂರನ್ನೂ ಒಂದೇ ಭಾಷೆಯೆಂದು ತಿಳಿದು ಕಲಸಿ ಮಾತಾಡುತ್ತಿದ್ದಳು. ಬೀದಿಯವರಿಗೂ ಅದು ಬೇರೆಯಾಗಿ ಕಾಣಲಿಲ್ಲ, ಅವರೂ ಹಾಗೇ ಮಾತಾಡುವವರು.

ಅವಳ ದೇಶದ ಒಂದು ಪದ್ಧತಿ ನನಗೆ ಬಹಳ ಸೋಜಿಗವೆನಿಸಿತ್ತು. ಅಲ್ಲಿ ಅಪಾರ್ಟ್‌ಮೆಂಟಿನ ಮೆಟ್ಟಿಲಿನಲ್ಲಿ ಪಕ್ಕದ ಮನೆಯವರ ಸದ್ದು ಕೇಳಿದರೆ, ಅವರು ಇಳಿದು ಹೋಗುವ ತನಕ ಇವರು ಬಾಗಿಲ ಹಿಂದೆ ನಿಂತು ಕಾಯುತ್ತಾರಂತೆ. ಎದುರಾಗಿ ಮಾತಾಡಬೇಕಾದ ಕಷ್ಟ ಇಬ್ಬರಿಗೂ ಬೇಡ ಎಂದು. ಇನ್ನೊಬ್ಬರ ಮನೆಯ ಮುಂದೆ ಹಾದುಹೋಗುವಾಗ ಆ ಕಡೆ ಕಣ್ಣು ಹಾಯಿಸುವುದಿಲ್ಲ, ತಮ್ಮ ಪಾದ ನೋಡಿಕೊಂಡು ನಡೆಯುತ್ತಾರೆ. ಇದು ಬಿಗುಮಾನವಲ್ಲ ಅಕ್ಕ, ಮರ್ಯಾದೆ ಎಂದು ತಿಳಿಸಿ ಹೇಳಿದ್ದಳು. ಅಂಥವಳು ಬಂದು ಇಳಿದದ್ದು ಹಲಸೂರಿಗೆ. ಇಲ್ಲಿ ಎದುರು ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಈ ಮನೆಯವರು ಎಣಿಸಿ, ಬೇಳೆ ಕರಗಿಹೋಯಿತು ಕಣ್ರೀ ಎಂದು ಕೂಗಿ ಹೇಳುತ್ತಾರೆ.

ಇನ್ನೊಂದು ವಿಷಯ ಹೇಳಬೇಕು. ನಾನು ಒಬ್ಬಳೇ ಇರುವುದರಿಂದ, ಬಾಗಿಲ ಹೊರಗೆ ಒಂದು ಜೊತೆ ಗಂಡಸರ ಚಪ್ಪಲಿ ಸದಾ ಇರಲಿ ಎಂದು ಮಗಳು ಕಟ್ಟುನಿಟ್ಟು ಮಾಡಿದ್ದಳು. ಒಂಟಿ ಹೆಂಗಸರು ಇರುವ ಎಷ್ಟೋ ಮನೆಗಳಲ್ಲಿ ಹೀಗೆ ಇಡುತ್ತಾರೆ, ಬಂದವರು ಒಳಗೆ ಗಂಡಸಿದ್ದಾನೆ ಎಂದುಕೊಳ್ಳಲಿ ಎಂದು. ನಾನು ನಮ್ಮನೆಯವರ ಚಪ್ಪಲಿಯನ್ನೇ ಇಟ್ಟಿದ್ದೆ. ಅವರ ಫೋಟೋಕ್ಕೆ ಹಾರ ಹಾಕಿ ನಡುಮನೆಯಲ್ಲಿ ತೂಗುಹಾಕಲು ನನಗೆ ಮನಸ್ಸು ಬಂದಿರಲಿಲ್ಲ, ಅದು ಮಲಗುವ ಕೋಣೆಯಲ್ಲಿತ್ತು. ಹೆಲ್ಮಿಗೆ ಅವರು ಇಲ್ಲವೆಂದು ನಾನು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಕೇಳಲೂ ಇಲ್ಲ, ಅವರ ಕಡೆ ಹಾಗೆಲ್ಲ ಕೇಳುವುದಿಲ್ಲ.

ವರ್ಷ ಮುಗಿಯುತ್ತ ಬಂದಾಗ ಶಾಲೆಯವರು ಒಂದು ಶನಿವಾರ ಬೆಳಿಗ್ಗೆ ಪೋಷಕರನ್ನೆಲ್ಲ ಕರೆದು, ಬೆಂಗಳೂರಿನಲ್ಲಿ ತಾನು ಕಂಡದ್ದರ ಬಗ್ಗೆ ಹೆಲ್ಮಿ ಮಾತಾಡಲಿ ಎಂದು ಏರ್ಪಾಟು ಮಾಡಿದರು. ನನ್ನನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದಳು. ಇಂಗ್ಲಿಷಿನಲ್ಲಿ ಮಾತಾಡಿದಳು. ಹಾರ್ನಿನ ಬಗ್ಗೆ, ತಿಂಡಿಯ ಪ್ರಶ್ನೆಯ ಬಗ್ಗೆ, ನಮ್ಮ ಎಣ್ಣೆಸ್ನಾನಕ್ಕೂ ಅವರ ಸೌನಾ ಎಂಬ ಬೆವರಿನ ಸ್ನಾನಕ್ಕೂ ಇರುವ ನಂಟಿನ ಬಗ್ಗೆ ಹೇಳಿ ಎಲ್ಲರನ್ನೂ ನಗಿಸಿದಳು.

ಕೊನೆಯಲ್ಲಿ, ತನಗೆ ಎಲ್ಲಕ್ಕಿಂತ ಇಷ್ಟವಾದ ಪದ್ಧತಿ ಒಂದಿದೆ ಎಂದಳು. ಸಂಜೆ ದಣಿದು ಬಂದು ಮೆಟ್ಟಿಲು ಹತ್ತುವಾಗ, ಕೆಳಗಿನಿಂದ ಮನೆಯ ಹಿರಿಯರು ಒಂದು ಹರಸುವ ಮಾತು ಹೇಳುತ್ತಾರೆ. ಅದರ ಅರ್ಥವೇನೆಂದು ಯಾರನ್ನೂ ಕೇಳಿಲ್ಲ, ಕೇಳಿದರೆ ಅದು ಸಣ್ಣದಾಗಿಬಿಟ್ಟೀತು ಎಂದು. ಆದರೆ ಆ ಮಾತು ಕಿವಿಗೆ ಬಿದ್ದರೆ ಯಾರೋ ಮೊಣಕೈ ಹಿಡಿದು ಮೇಲೆ ಹತ್ತಿಸಿದಂತಾಗುತ್ತದೆ. ಇಷ್ಟು ಹೇಳಿ, ಮೈಕಿನ ಹತ್ತಿರ ಬಾಗಿ, ಆ ಮಾತನ್ನು ಕನ್ನಡದಲ್ಲೇ ಹೇಳಿದಳು.

"ಹಗೂರ್ಕ ಹತ್ರೀ, ಕಡೀ ಪಾವಟಿಗಿ ಎತ್ತರ ಐತಿ."

ಸಭೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮಾತು ಅದೇ ಎನ್ನುವುದು ಹಾಗಿರಲಿ. ಹೆಲ್ಮಿಯ ಕನ್ನಡ ಬೀದಿಯಲ್ಲಿ ಕಲಿತ, ಅಕ್ಷರ ಅಕ್ಷರ ಬಿಡಿಸಿಟ್ಟ ಕನ್ನಡ. ಈ ವಾಕ್ಯ ಮಾತ್ರ ಹಾಗೆ ಬರಲಿಲ್ಲ. 'ಹಗೂರ್ಕ' ಎನ್ನುವಲ್ಲಿ ಅವರು ಎಳೆಯುತ್ತಿದ್ದ ಎಳೆತ, 'ಕಡೀ' ಎನ್ನುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಆ ಸಣ್ಣ ತಡೆ, 'ಐತಿ' ಎಂದು ಕೆಳಕ್ಕಿಳಿಯುವ ದನಿ ಎಲ್ಲ ಇತ್ತು. ಒಲೆಯ ಮುಂದೆ ಕಳೆದುಕೊಂಡಿದ್ದ ಅವರ ದನಿ, ಪರದೇಶದ ಹೆಂಗಸೊಬ್ಬಳ ಬಾಯಿಂದ, ಶಾಲೆಯ ಮೈಕಿನಲ್ಲಿ ನನಗೆ ವಾಪಸ್ ಸಿಕ್ಕಿತ್ತು.

ಹಿಂದಿರುಗುವಾಗ ಆಟೋದಲ್ಲಿ ಅವಳೇ ಮಾತು ತೆಗೆದಳು.

"ಅಕ್ಕ, ಸರಿಯಾಗ್ ಹೇಳಿದ್ನಾ?"

ಸರಿಯಾಗಿ ಹೇಳಿದೆ ಎಂದೆ. ನಿನಗೆ ಇದನ್ನು ಹೇಳುವವರು ಯಾರು ಎಂದು ಕೇಳಿದೆ.

"ಅಣ್ಣ. ನಿಮ್ಮ ಮನೆ ಅಣ್ಣ. ದಿನಾ ಹೇಳ್ತಾರೆ."

ಅವರನ್ನು ನೋಡಿದ್ದೀಯಾ ಎಂದು ಕೇಳಿದ್ದಕ್ಕೆ ಅವಳಿಗೆ ಸ್ವಲ್ಪ ಸಂಕೋಚವಾಯಿತು. ಇಲ್ಲ, ತಾನು ಆ ಕಡೆ ನೋಡುವುದಿಲ್ಲ, ಪಾದ ನೋಡಿಕೊಂಡು ಹತ್ತುತ್ತೇನೆ ಎಂದಳು. ಬಾಗಿಲಲ್ಲಿ ಚಪ್ಪಲಿ ಯಾವಾಗಲೂ ಇರುತ್ತದಲ್ಲ, ಹಾಗಾಗಿ ಮನೆಯಲ್ಲೇ ಇರುತ್ತಾರೆಂದು ಗೊತ್ತು. ತಾನು ಕಾಫಿಗೆ ಬಂದಾಗ ಅವರು ಹೊರಗೆ ಬರದಿದ್ದುದಕ್ಕೆ ತನಗೆ ಬೇಸರವಿಲ್ಲ, ಬದಲಿಗೆ ಇಷ್ಟವೇ ಆಯಿತು, ಇಡೀ ಬೆಂಗಳೂರಿನಲ್ಲಿ ತಮ್ಮ ದೇಶದವರ ಹಾಗೆ ಇರುವವರು ಅವರೊಬ್ಬರೇ ಎಂದು ನಕ್ಕಳು.

ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅವಳು ಹೆದರುತ್ತಾಳೆ, ಹೆದರಿದರೆ ಅವಳಿಗೂ ಕೇಳಿಸದೆ ಹೋಗಬಹುದು ಎಂದು ಅಂಜಿಕೆಯಾಯಿತು. ಲೆಕ್ಕವೆಲ್ಲ ಆಗಲೇ ಸ್ವಾರ್ಥದ ಲೆಕ್ಕವಾಗಿತ್ತು. ಅವಳು ಊರಿಗೆ ಹೋಗುವುದಕ್ಕೆ ಕೆಲವೇ ದಿನ ಉಳಿದಿದ್ದವು, ಅಷ್ಟರೊಳಗೆ ನಾನೂ ಕೇಳಿಸಿಕೊಳ್ಳಬೇಕಿತ್ತು.

ಅಂದು ಸಂಜೆ ಅವಳು ಮಾರ್ಕೆಟ್ಟಿಗೆ ಹೋದಾಗ ನಾನು ದೇವರಿಗೆ ದೀಪ ಹಚ್ಚಿ ಹೊರಗೆ ಬಂದು ಮೆಟ್ಟಿಲಿನ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆ. ಮಧ್ಯದಲ್ಲಿ ಕೂರಲು ಆಗಲಿಲ್ಲ. ಒಂದು ಪಕ್ಕಕ್ಕೆ ಸರಿದು, ಅವರು ಕೂರುವಷ್ಟು ಜಾಗ ಬಿಟ್ಟು ಕೂತೆ. ಹೆಲ್ಮಿ ಗೇಟು ತೆರೆದು ಬಂದಳು, ತಲೆ ತಗ್ಗಿಸಿಕೊಂಡು, ನನ್ನ ಪಾದಗಳಷ್ಟೇ ಕಣ್ಣಿಗೆ ಬಿದ್ದಿರಬೇಕು, ನನ್ನನ್ನು ದಾಟಿ ಹತ್ತತೊಡಗಿದಳು. ನಾನು ಕಿವಿಗೊಟ್ಟೆ. ಪಕ್ಕದ ಮನೆಯ ತಮಿಳು ಧಾರಾವಾಹಿ ಕೇಳಿಸಿತು. ರಸ್ತೆಯಲ್ಲಿ ಬಸ್ಸು ತಿರುಗಿಕೊಳ್ಳುವ ಸದ್ದು, ಯಾರದೋ ನಲ್ಲಿಯ ನೀರು. ಅವಳ ಹೆಜ್ಜೆ ಮೇಲೆ ಮೇಲೆ ಹೋಯಿತು. ಇನ್ನೇನು ಕೊನೆಯ ಮೆಟ್ಟಿಲು ಎನ್ನುವಾಗ ಹೆಜ್ಜೆ ನಿಂತಿತು.

"ಹೂಂ ರೀ," ಎಂದಳು ಹೆಲ್ಮಿ, ಕೆಳಗಿನವರಿಗೆ ಕೇಳಿಸುವಂತೆ.

ನಾನು ಎದ್ದು ಓಡಿದೆ. ಅಷ್ಟು ವರ್ಷ ಹತ್ತಿಳಿದ ಮೆಟ್ಟಿಲು, ಆ ದಿನ ಕೊನೆಯದಕ್ಕೆ ಕಾಲು ತಾಗಿ ಮುಗ್ಗರಿಸಿದೆ. ಹೆಲ್ಮಿ ಚೀಲ ಕೆಳಗೆ ಬಿಟ್ಟು ನನ್ನ ಭುಜ ಹಿಡಿದುಕೊಂಡಳು. ಈಗ ಹೇಳಿದ್ರಾ ಎಂದು ಕೇಳಿದೆ.

"ಹೇಳಿದ್ರು. ನೀವ್ ಅವ್ರ ಪಕ್ಕದಲ್ಲೇ ಕೂತಿದ್ರಲ್ಲ ಅಕ್ಕ?"

ನನಗೆ ಭಯವಾಗಲಿಲ್ಲ ಎಂದರೆ ನಂಬಿ. ಹೊಟ್ಟೆ ಉರಿಯಿತು. ಅವರ ಜೊತೆ ಸಂಸಾರ ಮಾಡಿದವಳು ನಾನು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕಾದವಳು ನಾನು. ಮಾತು ಆಡುವುದಿದ್ದರೆ ನನ್ನ ಜೊತೆ ಆಡಬೇಕಿತ್ತು. ಭಾಷೆಯೇ ಬಾರದ, ಇನ್ನೆರಡು ದಿನಕ್ಕೆ ಹೊರಟುಹೋಗುವ ಬಾಡಿಗೆಯವಳಿಗೆ ಅವರು ದಿನಾ ಮಾತು ಕೊಡುತ್ತಿದ್ದರು, ನಾನು ಒಂದು ಗೋಡೆಯಾಚೆ ಕೂತು ಟಿವಿ ನೋಡುತ್ತಿದ್ದೆ. ಅಂದು ಅಡುಗೆ ಮಾಡಲಿಲ್ಲ. ಕಲ್ಲಿನ ಮುಂದೆ ನಿಂತು, ನಾನೇನು ತಪ್ಪು ಮಾಡಿದೆ ಹೇಳಿ ಎಂದು ಬಾಯಿಬಿಟ್ಟೇ ಕೇಳಿದೆ.

ಕಲ್ಯಾಣ ನಗರದಲ್ಲಿರುವ ಮಗಳಿಗೆ ಫೋನ್ ಮಾಡಿ ಹೇಳಿದಾಗ ಅವಳು ಗಾಬರಿಯಾಗಿ ಬಂದಳು. ಹಿಂದಿನ ಬೀದಿಯಲ್ಲಿ ಎದ್ದ ಹೊಸ ಕಟ್ಟಡದ ವಾಚ್‌ಮನ್ ರಾಯಚೂರಿನ ಕಡೆಯವನು, ಅವನು ಯಾರಿಗೋ ಹೇಳಿದ ಮಾತು ಇವಳಿಗೆ ಕೇಳಿಸಿರಬೇಕು ಎಂದಳು. ಇಲ್ಲವೇ, ಅವಳು ಬಂದ ಹೊಸದರಲ್ಲಿ ನೀನೇ ಹೇಳಿರಬೇಕಮ್ಮ ಎಂದಳು. ನಾನು ಮೆಟ್ಟಿಲು ಎನ್ನುವವಳು, ಪಾವಟಿಗಿ ನನ್ನ ಬಾಯಲ್ಲಿ ಬರುವುದಿಲ್ಲ. ಆದರೂ ಮಗಳ ಸಮಾಧಾನಕ್ಕೆ ಆ ವಾಚ್‌ಮನ್ ಹತ್ತಿರ ಹೋದೆ. ನಮ್ಮ ಗೇಟಿನೊಳಗೆ ಅವನು ಒಮ್ಮೆಯೂ ಕಾಲಿಟ್ಟವನಲ್ಲ. ದಯವಿಟ್ಟು ಈ ಮಾತು ಹೇಳಪ್ಪ ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, ಹೇಳಿದ. ಮಾತು ಅದೇ, ಅದೇ ಸೀಮೆಯದು. ಆದರೆ ಅದರಲ್ಲಿ ಅವರಿರಲಿಲ್ಲ. ಥ್ಯಾಂಕ್ಸ್ ಹೇಳಿ ಮನೆಗೆ ಬಂದೆ.

ಹೆಲ್ಮಿ ಹೊರಡುವ ಹಿಂದಿನ ದಿನ ಅವಳಿಂದ ಆ ಮಾತನ್ನು ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವಳು ಎದುರಿಗೆ ಹೇಳುವಾಗ ಅವರ ದನಿಯ ಅಚ್ಚು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಹಾಕಿ ಕೇಳಿದರೆ, ವಿದೇಶದ ಹೆಂಗಸೊಬ್ಬಳು ಕಷ್ಟಪಟ್ಟು ಕನ್ನಡ ಓದಿದ ಹಾಗಿತ್ತು, ಅಷ್ಟೇ. ಎಷ್ಟು ಸಲ ಹಾಕಿದರೂ ಹಾಗೇ. ಇದಕ್ಕೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ. ಹಂಬಲ ನನ್ನ ಕಿವಿಯಲ್ಲೇ ಇತ್ತು, ಉಳಿದದ್ದನ್ನು ಅದೇ ಸೇರಿಸಿಕೊಂಡಿತು ಎಂದು ಮೇಜಿನ ಈ ಬದಿಗೆ ಕೂತಿದ್ದ ಹಳೆಯ ನಾನು ಹೇಳುತ್ತಿದ್ದೆ. ಹಾಗಾದರೆ ಹೆಲ್ಮಿಯ ಕಿವಿಗೆ ಅದು ಎಲ್ಲಿಂದ ಬಂತು?

ಅವಳು ಹೋಗಿ ಕೆಲವು ವರ್ಷಗಳೇ ಆದವು. ಆ ಕಲ್ಲಿನ ಮೇಲೆ ನಾನು ಕೂರದ ಸಂಜೆ ಇಲ್ಲ. ಅವಳ ಹಾಗೆ ಪಾದ ನೋಡಿಕೊಂಡು ಗೇಟಿನಿಂದ ನಡೆದು ಬಂದು ಹತ್ತಿಯೂ ನೋಡಿದ್ದೇನೆ. ಮೇಲ್ಮನೆಗೆ ಆಮೇಲೆ ಬಂದವರನ್ನು ಸುತ್ತುಬಳಸಿ ವಿಚಾರಿಸಿದ್ದೇನೆ. ಅವರು ಎಡವುತ್ತಾರೆ, ಮೇಸ್ತ್ರಿಯನ್ನು ಬೈದುಕೊಳ್ಳುತ್ತಾರೆ. ಬೇರೇನೂ ಇಲ್ಲ.

ಹೆಲ್ಮಿ ಆಗಾಗ ಫೋನ್ ಮಾಡುತ್ತಾಳೆ. ಪ್ರತಿ ಸಲವೂ ಏನಾದರೂ ನೆಪ ತೆಗೆದು ಆ ಮಾತು ಹೇಳಿಸುತ್ತೇನೆ. ಮೊದಮೊದಲು ಅದರಲ್ಲಿ ಅವರು ಪೂರ್ತಿ ಇರುತ್ತಿದ್ದರು. ಬರಬರುತ್ತ ಕಡಿಮೆಯಾಗುತ್ತಿದ್ದಾರೆ, ಅವಳ ನಾಲಗೆ ತನ್ನ ಭಾಷೆಗೆ ಮರಳುತ್ತಿದೆ. ಈಗೀಗ 'ಐತಿ' ಎನ್ನುವ ಒಂದು ಕಡೆ ಮಾತ್ರ ಸಿಗುತ್ತಾರೆ. ಅದೂ ಒಂದು ದಿನ ಹೋಗುತ್ತದೆಂದು ನನಗೆ ಗೊತ್ತು.

ಪ್ರತಿ ಸಲವೂ ಅವಳು ಅಣ್ಣ ಹೇಗಿದ್ದಾರೆ ಎಂದು ಕೇಳುತ್ತಾಳೆ. ಚೆನ್ನಾಗಿದ್ದಾರೆ ಎನ್ನುತ್ತೇನೆ. ಮಗಳು ಇದನ್ನು ಕೇಳಿ ಅತ್ತುಬಿಟ್ಟಳು, ಆಕೆಗೆ ನಿಜ ಹೇಳಿಬಿಡಮ್ಮ ಎಂದಳು. ನನ್ನಿಂದಾಗುವುದಿಲ್ಲ. ಅವರು ಇದ್ದಾರೆಂದು ತಿಳಿದಿರುವವಳು ಇಡೀ ಪ್ರಪಂಚದಲ್ಲಿ ಅವಳೊಬ್ಬಳೇ.

ಹೋದ ತಿಂಗಳು ಒಂದು ಸಂಜೆ ಫೋನ್ ಬಂದಾಗಲೂ ಕೇಳಿದಳು. ಹೊರಗೆ ಕೂತಿದ್ದಾರೆ ಎಂದೆ. ನಾನು ಕೇಳಿದೆ ಅಂತ ಹೇಳಿ ಅಕ್ಕ ಎಂದಳು. ಏನನ್ನಿಸಿತೋ, ಫೋನ್ ಹಿಡಿದುಕೊಂಡೇ ಹೊರಗೆ ಹೋದೆ. ಬರೀ ಕಲ್ಲು, ಅದರ ಮೇಲೆ ಎದುರು ಮನೆಯ ದೀಪದ ಬೆಳಕು. ಹೆಲ್ಮಿ ನಿಮ್ಮನ್ನು ಕೇಳ್ತಿದ್ದಾಳೆ ರೀ ಎಂದು ಆ ಖಾಲಿ ಜಾಗಕ್ಕೆ ಹೇಳಿ, ಫೋನನ್ನು ಆ ಕಡೆ ಹಿಡಿದು ಸ್ವಲ್ಪ ಹೊತ್ತು ನಿಂತೆ. ಏನೂ ಕೇಳಿಸಲಿಲ್ಲ. ಮತ್ತೆ ಕಿವಿಗಿಟ್ಟುಕೊಳ್ಳುವಾಗ ಆ ತುದಿಯಲ್ಲಿ ಹೆಲ್ಮಿ ಮೆಲ್ಲಗೆ ನಗುತ್ತಿದ್ದಳು.

"ಆಯ್ತು ಅಣ್ಣ," ಎನ್ನುತ್ತಿದ್ದಳು. "ಅಕ್ಕಂಗೆ ಹೇಳ್ತೀನಿ."

ಆಮೇಲೆ ನನಗೆ ಹೇಳಿದಳು, ಈಗ ನಾನೇನು ಹೇಳುವುದು, ನೀವೇ ಕೇಳಿಸಿಕೊಂಡಿರಲ್ಲ ಎಂದು. ಹೂಂ ಎಂದೆ. ಅವರು ಏನು ಹೇಳಿದರು ಎಂದು ಕೇಳಲಿಲ್ಲ. ಕೇಳಿದ್ದರೆ, ನನಗೆ ಅವರು ಕೇಳಿಸುವುದಿಲ್ಲವೆಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು.